ಮರಿಯಾನೆಯ ಮೈಯಲ್ಲಿ ಪ್ರತಿಜೈವಿಕಗಳು

ಕನ್ನಡ ನಾಡಿಗೂ ಆನೆಗೂ ಇರುವ ನಂಟು ಬಹು ಹಳೆಯದು. ತಲಕಾಡಿನ ಗಂಗರ ಲಾಂಛನ ಆನೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಆನೆಗಳ ವಿಚಾರ ವಿಸ್ತಾರವಾಗಿ ಬಂದಿದೆ. ಪಾಲಕಾಪ್ಯ ಮುನಿಯದೆಂದು ಹೇಳಲಾಗುವ ‘ಹಸ್ತ್ಯಾಯುರ್ವೇದ’ವಂತೂ ಆನೆಯ ರೋಗ ಮತ್ತು ಚಿಕಿತ್ಸೆಗಳಿಗೇ ಮೀಸಲಾದ ಸಂಸ್ಕೃತ ಗ್ರಂಥ. ಇಂದಿಗೂ ಭಾರತದ ರಾಜ್ಯಗಳ ಪೈಕಿ ಅತಿ ಹೆಚ್ಚು ಕಾಡಾನೆಗಳಿರುವುದು ಕರ್ನಾಟಕದಲ್ಲಿಯೇ. 2023ರ ಗಣತಿಯಲ್ಲಿ ಅವುಗಳ ಸಂಖ್ಯೆ 6,395 ಎಂದು ಅಂದಾಜಾಗಿತ್ತು. ಸಕ್ಕರೆಬೈಲು, ದುಬಾರೆ, ಮತ್ತಿಗೋಡು ಮೊದಲಾದ ಬಿಡಾರಗಳಲ್ಲಿ ಮಾವುತರೂ ಕಾವಾಡಿಗಳೂ ತಲೆಮಾರುಗಳಿಂದ ಆನೆಗಳೊಡನೆ ಬಾಳುತ್ತ ಬಂದಿದ್ದಾರೆ.

ಇಂಥ ಬಿಡಾರಗಳಿಗೆ ಒಮ್ಮೊಮ್ಮೆ ತಾಯಿಯಿಂದ ಅಗಲಿದ ಮರಿಗಳು ಬರುತ್ತವೆ. ಹಳ್ಳಕ್ಕೆ ಬಿದ್ದದ್ದು, ಹಿಂಡು ಬಿಟ್ಟುಹೋದದ್ದು, ತಾಯಿ ಸತ್ತದ್ದು, ಹೀಗೆ ಕಾರಣಗಳು ಹಲವು. ಮರಿಯ ಹೊಕ್ಕಳು ಕೀವಾಗಿರಬಹುದು, ಭೇದಿ ಹಿಡಿದಿರಬಹುದು, ಕಾಲಿನ ಗಾಯ ಕೊಳೆತಿರಬಹುದು. ಅದು ಹಾಲು ಕುಡಿಯುವುದನ್ನು ನಿಲ್ಲಿಸಿದೆ ಎಂಬುದನ್ನು ಮೊದಲು ಕಾಣುವವನು ಕಾವಾಡಿ. ಪಶುವೈದ್ಯರು ಬಂದು ನೋಡಿ, ಬ್ಯಾಕ್ಟೀರಿಯಗಳ ಸೋಂಕೆಂದು ನಿರ್ಧರಿಸಿ, ಆಂಟಿಬಯಾಟಿಕ್ ಎಂದು ಜನರ ಬಾಯಲ್ಲಿ ಬಳಕೆಯಾಗಿರುವ ಪ್ರತಿಜೈವಿಕ ಔಷಧವನ್ನು ಕೊಡಬೇಕೆಂದು ತೀರ್ಮಾನಿಸುತ್ತಾರೆ. ಆಗ ಎದುರಾಗುವ ಪ್ರಶ್ನೆ ಮೇಲ್ನೋಟಕ್ಕೆ ಬಲು ಸರಳವಾದುದು: ಎಷ್ಟು ಕೊಡಬೇಕು? ಎಷ್ಟು ಹೊತ್ತಿಗೊಮ್ಮೆ ಕೊಡಬೇಕು?

ಹಸುವಿನ ಕರುವಿಗಾದರೆ, ಕುದುರೆಮರಿಗಾದರೆ, ಮನುಷ್ಯನ ಕೂಸಿಗಾದರೆ ಇದಕ್ಕೆ ಪುಸ್ತಕದಲ್ಲಿ ಉತ್ತರವಿದೆ. ಸಾವಿರಾರು ಮಕ್ಕಳ, ನೂರಾರು ಕರುಗಳ ರಕ್ತವನ್ನು ಪರೀಕ್ಷಿಸಿ ಪಡೆದ ಉತ್ತರ ಅದು. ಮರಿಯಾನೆಯ ವಿಷಯದಲ್ಲಿ ಅಂಥ ಪರೀಕ್ಷೆಗಳು ತೀರ ವಿರಳ. ಹಾಗಾದರೆ ವೈದ್ಯನು ಯಾವ ಆಧಾರದ ಮೇಲೆ ಸೂಜಿಗೆ ಮದ್ದು ತುಂಬುತ್ತಾನೆ? ಈ ಪ್ರಶ್ನೆಯ ಬೆನ್ನುಹತ್ತಿ ಹೋದರೆ ಜೀವಶಾಸ್ತ್ರದ ಕೆಲವು ಮೂಲತತ್ತ್ವಗಳೇ ಕಣ್ಣಮುಂದೆ ಬಂದು ನಿಲ್ಲುತ್ತವೆ.

ಮದ್ದಿನ ಪಯಣ

ದೇಹದೊಳಕ್ಕೆ ಹೋದ ಮದ್ದು ಅಲ್ಲಿಯೇ ನೆಲೆಯಾಗಿ ನಿಲ್ಲುವುದಿಲ್ಲ. ಮೊದಲು ಅದು ರಕ್ತವನ್ನು ಸೇರಬೇಕು, ರಕ್ತದೊಡನೆ ಹರಿದು ಅಂಗಾಂಗಗಳಿಗೆ ಹರಡಬೇಕು, ಯಕೃತ್ತಿನಲ್ಲಿ ಮಾರ್ಪಾಡಾಗಬೇಕು, ಕೊನೆಗೆ ಮೂತ್ರದಲ್ಲಿಯೋ ಪಿತ್ತರಸದೊಡನೆ ಮಲದಲ್ಲಿಯೋ ಹೊರಬೀಳಬೇಕು. ಹೀರಿಕೆ, ಹರಡಿಕೆ, ಮಾರ್ಪಾಟು, ವಿಸರ್ಜನೆ ಎಂಬ ಈ ನಾಲ್ಕು ಹಂತಗಳು ಸೇರಿಯೇ ಮದ್ದಿನ ಪಯಣ. ಒಂದು ಮದ್ದು ಎಷ್ಟು ಪ್ರಬಲವಾದುದೇ ಇರಲಿ, ಸೋಂಕಿರುವ ಜಾಗದಲ್ಲಿ ಸಾಕಷ್ಟು ಸಾಂದ್ರತೆಯಲ್ಲಿ, ಸಾಕಷ್ಟು ಹೊತ್ತು ನಿಲ್ಲದಿದ್ದರೆ ಅದರಿಂದ ಪ್ರಯೋಜನವಿಲ್ಲ.

ಈ ಸತ್ಯವನ್ನು ಪ್ರತಿಜೈವಿಕಗಳ ಇತಿಹಾಸದ ಮೊದಲ ಪುಟದಲ್ಲಿಯೇ ಕಾಣಬಹುದು. ಅಲೆಗ್ಸಾಂಡರ್ ಫ್ಲೆಮಿಂಗ್ ಅವರು 1928ರಲ್ಲಿ ಕಂಡ ಪೆನಿಸಿಲಿನ್, ಆಕ್ಸ್‌ಫರ್ಡಿನ ಫ್ಲೋರಿ, ಚೇಯ್ನ್ ಮತ್ತು ಸಂಗಡಿಗರ ಶ್ರಮದಿಂದ ಮದ್ದಿನ ರೂಪ ತಾಳಿತು. 1941ರ ಫೆಬ್ರವರಿಯಲ್ಲಿ ಆಲ್ಬರ್ಟ್ ಅಲೆಗ್ಸಾಂಡರ್ ಎಂಬ ಪೋಲೀಸ್ ಪೇದೆಗೆ ಅದನ್ನು ಚುಚ್ಚಿದರು. ಕೀವು ತುಂಬಿ ಸಾವಿನ ಅಂಚಿನಲ್ಲಿದ್ದ ಆತ ಕೆಲವೇ ದಿನಗಳಲ್ಲಿ ಚೇತರಿಸಿಕೊಳ್ಳತೊಡಗಿದ. ಆದರೆ ಪೆನಿಸಿಲಿನ್ ಮೂತ್ರಪಿಂಡಗಳ ಮೂಲಕ ಅತಿ ಬೇಗ ಹೊರಟುಹೋಗುವ ವಸ್ತು. ಇದ್ದ ದಾಸ್ತಾನು ಮುಗಿಯುತ್ತ ಬಂದಾಗ ವಿಜ್ಞಾನಿಗಳು ಆತನ ಮೂತ್ರದಿಂದಲೇ ಪೆನಿಸಿಲಿನ್ನನ್ನು ಬೇರ್ಪಡಿಸಿ ಮತ್ತೆ ಚುಚ್ಚಿದರು. ಅದೂ ಸಾಲದಾಯಿತು. ಸೋಂಕು ಮರಳಿತು, ಮಾರ್ಚಿಯಲ್ಲಿ ಆತ ತೀರಿಕೊಂಡ. ಮದ್ದು ಗುಣ ಮಾಡಬಲ್ಲದೆಂಬುದನ್ನೂ, ದೇಹ ಅದನ್ನು ಹೊರಹಾಕುವ ವೇಗವನ್ನು ಅರಿಯದೆ ಗುಣ ಮಾಡಲಾಗದೆಂಬುದನ್ನೂ ಆ ಒಬ್ಬ ರೋಗಿ ಏಕಕಾಲದಲ್ಲಿ ತೋರಿಸಿಕೊಟ್ಟ.

ಹೊರಹಾಕುವ ಈ ವೇಗವನ್ನು ಅಳೆಯಲು ‘ಅರ್ಧಾಯು’ ಎಂಬ ಮಾನವನ್ನು ಬಳಸುತ್ತಾರೆ. ರಕ್ತದಲ್ಲಿರುವ ಮದ್ದಿನ ಸಾಂದ್ರತೆ ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲವೇ ಅರ್ಧಾಯು. 16 ಪಾಲು ಇದ್ದದ್ದು ಒಂದು ಅರ್ಧಾಯುವಿನ ನಂತರ 8, ಎರಡರ ನಂತರ 4, ಮೂರರ ನಂತರ 2, ನಾಲ್ಕರ ನಂತರ 1 ಪಾಲಾಗುತ್ತದೆ. ಅರ್ಧಾಯು ಚಿಕ್ಕದಾದರೆ ಮದ್ದನ್ನು ಪದೇ ಪದೇ ಕೊಡಬೇಕು. ದೊಡ್ಡದಾದರೆ ದಿನಕ್ಕೊಮ್ಮೆ ಸಾಕು. ದೊಡ್ಡದಿರುವುದನ್ನು ಚಿಕ್ಕದೆಂದು ತಿಳಿದು ಪದೇ ಪದೇ ಕೊಟ್ಟರೆ ಮದ್ದು ದೇಹದಲ್ಲಿ ಕೂಡಿಕೊಳ್ಳುತ್ತ ಹೋಗಿ ವಿಷವಾಗುತ್ತದೆ.

ಪ್ರತಿಜೈವಿಕಗಳೆಲ್ಲ ಒಂದೇ ರೀತಿಯಲ್ಲಿ ಕೆಲಸ ಮಾಡುವುದಿಲ್ಲ ಎಂಬುದನ್ನೂ ಇಲ್ಲಿ ಗಮನಿಸಬೇಕು. ಪೆನಿಸಿಲಿನ್ ವರ್ಗದ ಮದ್ದುಗಳಿಗೆ ಮುಖ್ಯವಾದದ್ದು ಹೊತ್ತು. ಒಂದು ಕನಿಷ್ಠ ಮಟ್ಟಕ್ಕಿಂತ ಮೇಲೆ ಅವು ಎಷ್ಟು ತಾಸು ನಿಂತವೆಂಬುದರ ಮೇಲೆ ಫಲ ನಿಂತಿದೆ. ಜೆಂಟಮೈಸಿನ್, ಅಮಿಕಾಸಿನ್ ವರ್ಗದ ಮದ್ದುಗಳಿಗೆ ಮುಖ್ಯವಾದದ್ದು ಎತ್ತರ. ಒಮ್ಮೆ ಅವುಗಳ ಸಾಂದ್ರತೆ ಸಾಕಷ್ಟು ಮೇಲೇರಬೇಕು, ಆಮೇಲೆ ಚೆನ್ನಾಗಿ ಕೆಳಗಿಳಿಯಬೇಕು. ಕೆಳಗಿಳಿಯದೆ ಉಳಿದರೆ ಮೂತ್ರಪಿಂಡಕ್ಕೂ ಕಿವಿಯ ನರಕ್ಕೂ ಹಾನಿ ತಪ್ಪದು.

ತೂಕದ ಲೆಕ್ಕ ಮತ್ತು ಅದರ ಮೋಸ

ಮದ್ದಿನ ಪ್ರಮಾಣವನ್ನು ಕಿಲೋ ತೂಕಕ್ಕೆ ಇಂತಿಷ್ಟು ಮಿಲಿಗ್ರಾಂ ಎಂದು ಹೇಳುವುದು ವಾಡಿಕೆ. ಒಂದೇ ಜಾತಿಯ, ಹೆಚ್ಚುಕಡಿಮೆ ಒಂದೇ ಗಾತ್ರದ ಪ್ರಾಣಿಗಳಲ್ಲಿ ಈ ಲೆಕ್ಕ ಸಲ್ಲುತ್ತದೆ. ಆದರೆ ಬೆಕ್ಕಿಗೆ ಕಂಡುಕೊಂಡ ಪ್ರಮಾಣವನ್ನು ಆನೆಯ ತೂಕದಿಂದ ಗುಣಿಸಿ ಆನೆಗೆ ಕೊಡಬಹುದೆ?

1962ರ ಆಗಸ್ಟ್ 3ರಂದು ಅಮೆರಿಕದ ಒಕ್ಲಹೋಮ ನಗರದ ಮೃಗಾಲಯದಲ್ಲಿ ನಡೆದ ಘಟನೆ ಈ ವಿಷಯದಲ್ಲಿ ಇಂದಿಗೂ ಎಚ್ಚರಿಕೆಯ ಮಾತಾಗಿ ಉಳಿದಿದೆ. ಅಲ್ಲಿ ಟಸ್ಕೋ ಎಂಬ 14 ವರ್ಷದ ಏಷ್ಯದ ಗಂಡಾನೆಗೆ ಆನೆಯ ಮದವನ್ನು ಅಭ್ಯಸಿಸುವ ಉದ್ದೇಶದಿಂದ ಎಲ್‌.ಎಸ್‌.ಡಿ. ಎಂಬ ಮನೋವಿಕಾರಕ ವಸ್ತುವನ್ನು ಚುಚ್ಚಿದರು. ಚಿಕ್ಕ ಪ್ರಾಣಿಗಳಲ್ಲಿ ಬಳಸಿದ ಪ್ರಮಾಣವನ್ನು ಆನೆಯ ತೂಕಕ್ಕೆ ಹೊಂದಿಸಿ 297 ಮಿಲಿಗ್ರಾಂ ಕೊಡಲಾಯಿತು. ಐದೇ ನಿಮಿಷಗಳಲ್ಲಿ ಆನೆ ಕುಸಿಯಿತು. ಸುಮಾರು ಒಂದು ಗಂಟೆ ನಲವತ್ತು ನಿಮಿಷದಲ್ಲಿ ಸತ್ತಿತು. ಅದನ್ನು ಉಳಿಸಲೆಂದು ಆಮೇಲೆ ಕೊಟ್ಟ ಬೇರೆ ಮದ್ದುಗಳ ಪಾಲು ಆ ಸಾವಿನಲ್ಲಿ ಎಷ್ಟೆಂಬ ಚರ್ಚೆ ಮುಗಿದಿಲ್ಲ. ಅದು ಪ್ರತಿಜೈವಿಕವೂ ಅಲ್ಲ. ಆದರೂ ಬರಿಯ ತೂಕದ ಗುಣಾಕಾರದಿಂದ ಮದ್ದಿನ ಪ್ರಮಾಣವನ್ನು ನಿರ್ಧರಿಸಬಾರದೆಂಬ ಪಾಠಕ್ಕೆ ಶರೀರಕ್ರಿಯಾಶಾಸ್ತ್ರದ ಪುಸ್ತಕಗಳು ಅದನ್ನೇ ಉದಾಹರಣೆಯಾಗಿ ಎತ್ತಿ ಹೇಳುತ್ತ ಬಂದಿವೆ.

ಇದರ ಹಿಂದಿನ ನಿಯಮವನ್ನು ಮ್ಯಾಕ್ಸ್ ಕ್ಲೈಬರ್ ಎಂಬ ವಿಜ್ಞಾನಿ 1932ರಲ್ಲಿ ಮಂಡಿಸಿದ್ದರು. ಪ್ರಾಣಿಯ ದೇಹ ದೊಡ್ಡದಾದಂತೆ ಅದು ವ್ಯಯಿಸುವ ಶಕ್ತಿಯೂ ಹೆಚ್ಚುತ್ತದೆ, ಆದರೆ ತೂಕ ಹೆಚ್ಚಿದಷ್ಟು ಹೆಚ್ಚುವುದಿಲ್ಲ. ತೂಕದ ಮುಕ್ಕಾಲು ಘಾತದಷ್ಟು ಮಾತ್ರ ಹೆಚ್ಚುತ್ತದೆ. 200 ಕಿಲೋ ತೂಕದ ಮರಿಯನ್ನೂ 3,200 ಕಿಲೋ ತೂಕದ ತಾಯಿಯನ್ನೂ ಹೋಲಿಸಿ ನೋಡೋಣ. ತಾಯಿಯ ತೂಕ ಮರಿಯ ಹದಿನಾರು ಪಟ್ಟು. ಆದರೆ ಕ್ಲೈಬರ್ ನಿಯಮದ ಪ್ರಕಾರ ತಾಯಿ ವ್ಯಯಿಸುವ ಶಕ್ತಿ ಎಂಟು ಪಟ್ಟು ಮಾತ್ರ. ಎಂದರೆ, ಒಂದೊಂದು ಕಿಲೋ ಲೆಕ್ಕದಲ್ಲಿ ಮರಿಯ ದೇಹದ ಒಲೆ ತಾಯಿಯದಕ್ಕಿಂತ ಎರಡು ಪಟ್ಟು ಜೋರಾಗಿ ಉರಿಯುತ್ತಿದೆ. ರಕ್ತದ ಓಟ, ಯಕೃತ್ತಿನ ದುಡಿಮೆ, ಮೂತ್ರಪಿಂಡದ ಸೋಸುವಿಕೆ ಇವೆಲ್ಲ ಸ್ಥೂಲವಾಗಿ ಈ ಒಲೆಯ ವೇಗವನ್ನೇ ಅನುಸರಿಸುತ್ತವೆ. ಆದಕಾರಣ ತಾಯಿಯ ದೇಹದಿಂದ ಅರ್ಧ ಮದ್ದು ಹೊರಹೋಗಲು ಹನ್ನೆರಡು ತಾಸು ಹಿಡಿದರೆ, ಮರಿಯಲ್ಲಿ ಆರೇ ತಾಸು ಹಿಡಿಯಬೇಕೆಂದು ಲೆಕ್ಕ ಹೇಳುತ್ತದೆ. ತಾಯಿಗೆ ದಿನಕ್ಕೊಮ್ಮೆ ಕೊಟ್ಟು ಗುಣ ಕಂಡ ಮದ್ದನ್ನು ಅದೇ ಕಿಲೋ ಲೆಕ್ಕದಲ್ಲಿ ಮರಿಗೂ ದಿನಕ್ಕೊಮ್ಮೆ ಕೊಟ್ಟರೆ, ದಿನದ ಬಹುಭಾಗ ಅದರ ರಕ್ತದಲ್ಲಿ ಸಾಕಷ್ಟು ಮದ್ದು ಇಲ್ಲದಿರಬಹುದು.

ಇಷ್ಟೇ ಆಗಿದ್ದರೆ ಒಂದು ಸೂತ್ರ ಬರೆದುಕೊಂಡು ಮುಂದೆ ಸಾಗಬಹುದಾಗಿತ್ತು. ಆದರೆ ಎಳೆಯ ದೇಹದ ವಿಷಯ ಬೇರೆಯೇ ಇದೆ.

ಎಳೆಯ ದೇಹದ ಗುಟ್ಟು

ಆನೆಯ ಗರ್ಭಾವಧಿ ಸುಮಾರು 22 ತಿಂಗಳು. ಹುಟ್ಟಿದ ಮರಿ ಸುಮಾರು 100 ಕಿಲೋ ತೂಗುತ್ತದೆ, ಅಂದೇ ಎದ್ದು ನಿಲ್ಲುತ್ತದೆ. ನೋಡಿದವರಿಗೆ ಅದು ಬೆಳೆದ ಆನೆಯ ಕಿರಿಯ ಪಡಿಯಚ್ಚಿನಂತೆ ತೋರುತ್ತದೆ. ದೇಹದೊಳಗೆ ಮಾತ್ರ ಅದು ಹಾಗಿಲ್ಲ.

ಮೊದಲನೆಯದು ನೀರು. ಯಾವುದೇ ಸಸ್ತನಿಯ ಎಳೆಯ ಕೂಸಿನ ದೇಹದಲ್ಲಿ, ಅದರಲ್ಲಿಯೂ ಜೀವಕೋಶಗಳ ಹೊರಗೆ, ನೀರಿನ ಪಾಲು ಬೆಳೆದ ಪ್ರಾಣಿಯಲ್ಲಿರುವುದಕ್ಕಿಂತ ಹೆಚ್ಚು. ಅಮಿಕಾಸಿನ್‌ನಂಥ ಮದ್ದುಗಳು ನೀರಿನಲ್ಲಿ ಕರಗಿ ಈ ಹೊರಗಿನ ನೀರಿನಲ್ಲಿಯೇ ಹರಡುತ್ತವೆ. ಒಂದು ಹಿಡಿ ಉಪ್ಪನ್ನು ತಂಬಿಗೆಯ ನೀರಿಗೆ ಹಾಕುವುದಕ್ಕೂ ಹಂಡೆಯ ನೀರಿಗೆ ಹಾಕುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ. ನೀರು ಹೆಚ್ಚಿದ್ದಲ್ಲಿ ಮದ್ದು ತೆಳುವಾಗುತ್ತದೆ, ಬೇಕಾದ ಎತ್ತರಕ್ಕೆ ಏರುವುದಿಲ್ಲ. ಕುದುರೆಯ ಉದಾಹರಣೆ ಇದನ್ನು ಸ್ಪಷ್ಟಪಡಿಸುತ್ತದೆ. ಬೆಳೆದ ಕುದುರೆಗೆ ಕಿಲೋಗೆ 10 ಮಿಲಿಗ್ರಾಂ ಅಮಿಕಾಸಿನ್ ಸಾಕೆಂದು ಪಶುವೈದ್ಯರ ಕೈಪಿಡಿಗಳು ಹೇಳುತ್ತವೆ; ಹುಸಿಹಸುಳೆಯಾದ ಕುದುರೆಮರಿಗೆ 25 ಮಿಲಿಗ್ರಾಂವರೆಗೆ ಬೇಕಾಗುತ್ತದೆ. ಮರಿಯೆಂದು ಕನಿಕರಪಟ್ಟು ಕಡಿಮೆ ಕೊಟ್ಟರೆ ಆ ಕನಿಕರವೇ ಅದಕ್ಕೆ ಮುಳುವಾಗುತ್ತದೆ.

ಎರಡನೆಯದು ಮೂತ್ರಪಿಂಡ. ನವಜಾತ ಶಿಶುವಿನ ಮೂತ್ರಪಿಂಡ ಇನ್ನೂ ಪಕ್ವವಾಗಿರುವುದಿಲ್ಲ. ಮನುಷ್ಯನ ಕೂಸಿನಲ್ಲಿ ಅದರ ಸೋಸುವ ಶಕ್ತಿ ದೊಡ್ಡವರ ಮಟ್ಟಕ್ಕೆ ಬರಲು ಸುಮಾರು ಒಂದು ವರ್ಷ ಬೇಕು. ಕುದುರೆಮರಿಯಲ್ಲಿ ಕೆಲವೇ ದಿನಗಳು ಸಾಕು. ಪಕ್ವವಾಗದ ಮೂತ್ರಪಿಂಡ ಮದ್ದನ್ನು ನಿಧಾನವಾಗಿ ಹೊರಹಾಕುತ್ತದೆ. ಅಂದರೆ ಕ್ಲೈಬರ್ ನಿಯಮ ಮರಿಯಲ್ಲಿ ಮದ್ದು ಬೇಗ ಖಾಲಿಯಾಗುತ್ತದೆನ್ನುವಾಗ, ಎಳೆಯ ಮೂತ್ರಪಿಂಡ ಅದು ನಿಧಾನವಾಗಿ ಖಾಲಿಯಾಗುತ್ತದೆನ್ನುತ್ತದೆ. ಈ ಎರಡು ಸೆಳೆತಗಳಲ್ಲಿ ಯಾವುದು ಗೆಲ್ಲುತ್ತದೆಂಬುದು ಮರಿಯ ವಯಸ್ಸನ್ನು ಅವಲಂಬಿಸಿದೆ. ಹುಟ್ಟಿ ವಾರವಾಗದ ಮರಿಗೆ ಒಂದು ಲೆಕ್ಕ, ಆರು ತಿಂಗಳ ಮರಿಗೆ ಇನ್ನೊಂದು ಲೆಕ್ಕ, ಐದು ವರ್ಷದ ಮರಿಗೆ ಮತ್ತೊಂದು ಲೆಕ್ಕ. ಭೇದಿಯಿಂದ ನೀರು ಕಳೆದುಕೊಂಡ ಮರಿಯಲ್ಲಿ ಮೂತ್ರಪಿಂಡಕ್ಕೆ ಹೋಗುವ ರಕ್ತವೇ ಕಡಿಮೆಯಾಗುವುದರಿಂದ ಆ ಲೆಕ್ಕವೂ ತಲೆಕೆಳಗಾಗುತ್ತದೆ. ಅಮಿಕಾಸಿನ್ ಕೊಡುವ ಮುನ್ನ ಮರಿಯ ಮೈಗೆ ನೀರು ತುಂಬಬೇಕೆಂದು ವೈದ್ಯರು ಹಟ ಹಿಡಿಯುವುದು ಇದೇ ಕಾರಣದಿಂದ.

ಮೂರನೆಯದು ಯಕೃತ್ತು. ಮದ್ದನ್ನು ಮಾರ್ಪಡಿಸುವ ಕಿಣ್ವಗಳು ಎಳೆಯ ಯಕೃತ್ತಿನಲ್ಲಿ ಪೂರ್ಣವಾಗಿ ತಯಾರಾಗಿರುವುದಿಲ್ಲ. ಕ್ಲೋರಾಂಫೆನಿಕಾಲ್ ಎಂಬ ಪ್ರತಿಜೈವಿಕವನ್ನು ಕೊಟ್ಟ ನವಜಾತ ಶಿಶುಗಳು ಮೈ ಬೂದುಬಣ್ಣಕ್ಕೆ ತಿರುಗಿ ಸತ್ತ ಸಂಗತಿ 1959ರಲ್ಲಿ ವೈದ್ಯಲೋಕವನ್ನು ನಡುಗಿಸಿತು. ದೊಡ್ಡವರ ಯಕೃತ್ತು ಸುಲಭವಾಗಿ ನಿಭಾಯಿಸುವ ಮದ್ದು ಆ ಕೂಸುಗಳ ರಕ್ತದಲ್ಲಿ ಕೂಡಿಕೊಂಡು ವಿಷವಾಗಿತ್ತು.

ನಾಲ್ಕನೆಯದು ಬೆಳವಣಿಗೆ. ಟೆಟ್ರಸೈಕ್ಲಿನ್ ವರ್ಗದ ಮದ್ದುಗಳು ಸುಣ್ಣದ ಅಂಶದೊಡನೆ ಬೆರೆತು ಬೆಳೆಯುವ ಎಲುಬು ಹಲ್ಲುಗಳಲ್ಲಿ ಸೇರಿಕೊಳ್ಳುತ್ತವೆ. ಎನ್ರೊಫ್ಲಾಕ್ಸಸಿನ್ ವರ್ಗದವು ನಾಯಿಮರಿ, ಕುದುರೆಮರಿಗಳ ಕೀಲಿನ ಮೃದ್ವಸ್ಥಿಯನ್ನು ಕೆಡಿಸಬಲ್ಲವೆಂದು ಕಂಡುಬಂದಿದೆ. ಮುಂದೆ ಸಾವಿರಾರು ಕಿಲೋ ಭಾರವನ್ನು ಹೊರಬೇಕಾದ ಕಾಲುಗಳಿಗೆ ಇದು ಸಣ್ಣ ವಿಷಯವಲ್ಲ.

ಬಾಯಿಯೋ, ಸೂಜಿಯೋ, ಗುದವೋ?

ಪ್ರಮಾಣ ನಿಶ್ಚಯವಾದ ಮೇಲೂ ಮದ್ದನ್ನು ಒಳಗೆ ಸೇರಿಸುವ ದಾರಿಯ ಪ್ರಶ್ನೆ ಉಳಿದೇ ಇರುತ್ತದೆ. ಬೆಳೆದ ಆನೆಯ ಚರ್ಮ ಕೆಲವೆಡೆ ಅಂಗುಲದಷ್ಟು ದಪ್ಪ. ಸೂಜಿ ಉದ್ದ ಸಾಲದಿದ್ದರೆ ಮದ್ದು ಸ್ನಾಯುವನ್ನು ಮುಟ್ಟದೆ ಚರ್ಮದ ಕೆಳಗೇ ನಿಂತು ಕೀವುಗಡ್ಡೆಯಾಗಬಹುದು. ಮದ್ದಿನ ಗಾತ್ರವೂ ತೊಡಕೇ. ಕುದುರೆಗೆ ಸಲ್ಲುವ ಕಿಲೋಗೆ 22,000 ಯೂನಿಟ್ ಲೆಕ್ಕದಲ್ಲಿ ಪ್ರೊಕೇನ್ ಪೆನಿಸಿಲಿನ್ ಕೊಡುವುದಾದರೆ, 3,200 ಕಿಲೋ ಆನೆಗೆ 7 ಕೋಟಿ 4 ಲಕ್ಷ ಯೂನಿಟ್ ಬೇಕು. ಮಿಲಿಲೀಟರಿಗೆ 3 ಲಕ್ಷ ಯೂನಿಟ್ ಇರುವ ಮದ್ದಾದರೆ ಅದು ಸುಮಾರು 235 ಮಿಲಿಲೀಟರು; ಹಲವು ಕಡೆ ಹಂಚಿ ಚುಚ್ಚದೆ ಗತ್ಯಂತರವಿಲ್ಲ. ಅದೇ ಲೆಕ್ಕದಲ್ಲಿ 200 ಕಿಲೋ ಮರಿಗೆ 15 ಮಿಲಿಲೀಟರಿಗೂ ತುಸು ಕಡಿಮೆ ಸಾಕು. ಚುಚ್ಚುಮದ್ದಿನ ಮಟ್ಟಿಗೆ ಮರಿಯೇ ಸುಲಭದ ರೋಗಿ. ಆದರೆ ತಾಯಿ ಹತ್ತಿರವಿದ್ದರೆ ಆ ಸುಲಭವೂ ಇಲ್ಲ.

ಪ್ರೊಕೇನ್ ಬೆರೆಸಿದ ಪೆನಿಸಿಲಿನ್ ಸ್ನಾಯುವಿನಿಂದ ಮೆಲ್ಲಮೆಲ್ಲನೆ ರಕ್ತಕ್ಕೆ ಇಳಿಯುತ್ತದೆ. ಹೊರಹೋಗುವುದನ್ನು ತಡೆಯಲಾಗದಿದ್ದರೆ ಒಳಬರುವುದನ್ನು ನಿಧಾನಗೊಳಿಸುವುದು ಇದರ ಉಪಾಯ. ನಡುರಾತ್ರಿ ಮರಿಯನ್ನು ಎಬ್ಬಿಸಿ ಚುಚ್ಚುವ ಸರದಿ ಇದರಿಂದ ಕಡಿಮೆಯಾಗುತ್ತದೆ.

ಬಾಯಿಯ ಮೂಲಕ ಕೊಡುವುದು ಸುಲಭವೆಂದು ತೋರಬಹುದು. ಆದರೆ ಹಾಲಿನಲ್ಲಿರುವ ಸುಣ್ಣದ ಅಂಶ ಟೆಟ್ರಸೈಕ್ಲಿನ್ನನ್ನು ಹಿಡಿದಿಟ್ಟುಕೊಂಡು ರಕ್ತಕ್ಕೆ ಸೇರಲು ಬಿಡುವುದಿಲ್ಲ. ಎನ್ರೊಫ್ಲಾಕ್ಸಸಿನ್ ಬಳಗದ ಮದ್ದುಗಳಿಗೂ ಹಾಲಿನಿಂದ ಅಡ್ಡಿಯುಂಟಾಗಬಹುದು. ಹಾಲಿನಲ್ಲಿ ಮದ್ದು ಕದಡಿ ಕುಡಿಸುವ ವಾಡಿಕೆ ಹೀಗೆ ಕೆಲವು ಮದ್ದುಗಳ ವಿಷಯದಲ್ಲಿ ಶ್ರಮವನ್ನೇ ವ್ಯರ್ಥ ಮಾಡುತ್ತದೆ.

ಇದಕ್ಕಿಂತ ಗಂಭೀರವಾದದ್ದು ಕರುಳಿನ ಸಂಗತಿ. ಆನೆ ದನದಂತೆ ಮೆಲುಕು ಹಾಕುವ ಪ್ರಾಣಿಯಲ್ಲ. ಕುದುರೆಯಂತೆ ಅದರ ಕುರುಡುಕರುಳು ಮತ್ತು ದೊಡ್ಡಕರುಳುಗಳಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ಹುಲ್ಲು ಸೊಪ್ಪುಗಳ ನಾರನ್ನು ಕೊಳೆಯಿಸಿ ಅರಗಿಸಿಕೊಡುತ್ತವೆ. ಈ ಸೂಕ್ಷ್ಮಜೀವಿಗಳನ್ನು ಮರಿ ಹುಟ್ಟುತ್ತಲೇ ಹೊತ್ತು ತರುವುದಿಲ್ಲ. ತಾಯಿಯ ಮತ್ತು ಹಿಂಡಿನ ಇತರ ಆನೆಗಳ ಲದ್ದಿಯನ್ನು ತಿಂದು ಪಡೆದುಕೊಳ್ಳುತ್ತದೆ. ಅರಿಯದವರಿಗೆ ಇದು ಹೇಸಿಗೆಯಾಗಿ ತೋರಬಹುದು, ಮರಿಗೆ ಅದೇ ಜೀವನಾಧಾರ. ಬಾಯಿಯ ಮೂಲಕ ಕೊಟ್ಟ ಪ್ರತಿಜೈವಿಕ ರೋಗಾಣುವನ್ನೂ ಈ ಉಪಕಾರಿ ಜೀವಿಗಳನ್ನೂ ಬೇರೆಬೇರೆಯಾಗಿ ನೋಡುವುದಿಲ್ಲ. ಉಪಕಾರಿಗಳು ನಾಶವಾದ ಕರುಳಿನಲ್ಲಿ ಕ್ಲಾಸ್ಟ್ರಿಡಿಯಂ, ಸಾಲ್ಮೊನೆಲ್ಲಗಳಂಥ ಅಪಾಯಕಾರಿಗಳು ತಲೆಯೆತ್ತುತ್ತವೆ. ಲಿಂಕೊಮೈಸಿನ್ ಎಂಬ ಪ್ರತಿಜೈವಿಕ ಕುದುರೆಗಳಲ್ಲಿ ಹೀಗೆಯೇ ಮಾರಕವಾದ ಕರುಳುಬೇನೆಯನ್ನು ತರುತ್ತದೆ. ಕುದುರೆಗೆ ಅದು ನಿಷಿದ್ಧ. ಅದೇ ಬಗೆಯ ಕರುಳುಳ್ಳ ಆನೆಯ ವಿಷಯದಲ್ಲಿ ಅದೇ ಎಚ್ಚರ ಅಗತ್ಯ. ಭೇದಿಯನ್ನು ನಿಲ್ಲಿಸಲೆಂದು ಕೊಟ್ಟ ಮದ್ದೇ ಭೇದಿಗೆ ಕಾರಣವಾಗುವುದು ಹೀಗೆ.

ಮೂರನೆಯ ದಾರಿ ಗುದದ್ವಾರ. 1987ರಲ್ಲಿ ಪ್ರಕಟವಾದ ಒಂದು ವರದಿಯಲ್ಲಿ, ಏಷ್ಯದ ಆನೆಯೊಂದಕ್ಕೆ ಗುದದ ಮೂಲಕ ಕೊಟ್ಟ ಮೆಟ್ರೊನಿಡಜೋಲ್ ರಕ್ತಕ್ಕೆ ಸೇರಿದುದನ್ನು ಅಳೆದು ತೋರಿಸಿದರು. ಕಹಿ ಮದ್ದನ್ನು ಸೊಂಡಿಲಿನಿಂದ ಹೊರಕ್ಕೆಸೆಯುವ ಪ್ರಾಣಿಗೆ ಇದೊಂದು ವರವೇ ಸರಿ. ಆದರೆ ಎಲ್ಲ ಮದ್ದುಗಳಿಗೂ ಈ ದಾರಿ ತೆರೆದಿಲ್ಲ. 1996ರಲ್ಲಿ ಅಮೆರಿಕದ ಸಾಕಾನೆಗಳಲ್ಲಿ ಮನುಷ್ಯರ ಕ್ಷಯರೋಗವೇ ಕಾಣಿಸಿಕೊಂಡ ಮೇಲೆ ಕ್ಷಯದ ಮದ್ದುಗಳನ್ನು ಆನೆಗಳಲ್ಲಿ ಅಳೆದು ನೋಡಿದರು. ಐಸೊನಯಾಜಿಡ್ ಗುದದ ಮೂಲಕ ಚೆನ್ನಾಗಿ ಹೀರಲ್ಪಟ್ಟಿತು. ರಿಫಾಂಪಿಸಿನ್ ಮಾತ್ರ ಆ ದಾರಿಯಿಂದ ರಕ್ತವನ್ನು ಸೇರಲೇ ಇಲ್ಲ. ಅಳೆಯದೆ ಕೊಡುತ್ತ ಹೋಗಿದ್ದರೆ, ಎರಡು ಮದ್ದು ಕೊಡುತ್ತಿದ್ದೇವೆಂಬ ನಂಬಿಕೆಯಲ್ಲಿ ಒಂದನ್ನೇ ಕೊಟ್ಟಂತಾಗುತ್ತಿತ್ತು.

ಆನೆಯ ರಕ್ತವೇ ಹೇಳಿದ ಲೆಕ್ಕ

ಹೀಗೆ ಆನೆಯ ರಕ್ತವನ್ನೇ ಕೇಳಿ ಉತ್ತರ ಪಡೆಯುವ ಯತ್ನ ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಮೊದಲಾಯಿತು. 1978ರಲ್ಲಿ ಅಮೆರಿಕದ ಪಶುವೈದ್ಯ ಮೈಕೆಲ್ ಷ್ಮಿಟ್ ಅವರು ಆರೋಗ್ಯವಂತ ಆನೆಗಳಿಗೆ ಪೆನಿಸಿಲಿನ್ ಮತ್ತು ಅಮಾಕ್ಸಿಸಿಲಿನ್ ಕೊಟ್ಟು, ಕೊಟ್ಟ ಪ್ರಮಾಣವನ್ನೂ ರಕ್ತರಸದಲ್ಲಿ ಕಂಡ ಸಾಂದ್ರತೆಯನ್ನೂ ಹೋಲಿಸಿ ಪ್ರಕಟಿಸಿದರು. 1994ರಲ್ಲಿ ಆಫ್ರಿಕದ ಆನೆಗಳಲ್ಲಿ ಅಮಿಕಾಸಿನ್ನಿನ ನಡತೆಯನ್ನು ಅಳೆದ ಅಧ್ಯಯನ ಹೊರಬಂದಿತು. ಆನೆಗೆ ಕಿಲೋಗೆ 6ರಿಂದ 8 ಮಿಲಿಗ್ರಾಂ, ದಿನಕ್ಕೊಮ್ಮೆ ಎಂಬುದು ಕೈಪಿಡಿಗಳಲ್ಲಿ ನೆಲೆಯೂರಿದೆ. 2005ರಲ್ಲಿ ಏಷ್ಯದ ಆರು ಬೆಳೆದ ಆನೆಗಳಿಗೆ ಕಿಲೋಗೆ 2.5 ಮಿಲಿಗ್ರಾಂ ಎನ್ರೊಫ್ಲಾಕ್ಸಸಿನ್ನನ್ನು ಬಾಯಿಯ ಮೂಲಕ ಕೊಟ್ಟು ನೋಡಿದಾಗ ಅದರ ಅರ್ಧಾಯು ಸರಾಸರಿ 18.4 ತಾಸು ಎಂದು ಕಂಡುಬಂದಿತು. ಕುದುರೆಯಲ್ಲಿ ಅದು ಇದಕ್ಕಿಂತ ಬಹಳ ಕಡಿಮೆ. ಕುದುರೆಯ ಪುಸ್ತಕವನ್ನು ತೆರೆದು ಆನೆಗೆ ಮದ್ದು ಕೊಡುವುದು ಹೇಗೆ ತಪ್ಪಾಗಬಹುದೆಂಬುದಕ್ಕೆ ಈ ಒಂದು ಅಂಕಿಯೇ ಸಾಕು.

ಎನ್ರೊಫ್ಲಾಕ್ಸಸಿನ್ನಿನ ಆ ಅಂಕಿ ಬೆಳೆದ ಆನೆಗಳದು ಎಂಬುದನ್ನು ಮರೆಯಲಾಗದು. ಮರಿಗಳಲ್ಲಿ ಇಂಥ ಅಳತೆ ಕಷ್ಟವೆನಿಸಲು ಕಾರಣಗಳಿವೆ. ಕಿವಿಯ ಹಿಂಬದಿಯ ರಕ್ತನಾಳದಿಂದ ಒಂದೇ ದಿನ ಹತ್ತಾರು ಸಲ ರಕ್ತ ತೆಗೆಯಬೇಕು; ಬೆದರಿದ ಮರಿ ನಿಲ್ಲುವುದಿಲ್ಲ, ತಾಯಿ ಬಿಡುವುದಿಲ್ಲ. ಈ ತೊಡಕಿಗೆ ಔಷಧಶಾಸ್ತ್ರಜ್ಞರು ಒಂದು ಪರಿಹಾರವನ್ನು ಕಂಡುಕೊಂಡಿದ್ದಾರೆ. ಒಂದು ಮರಿಯಿಂದ ಹತ್ತು ಸಲ ರಕ್ತ ತೆಗೆಯುವ ಬದಲು, ಚಿಕಿತ್ಸೆಗೆ ಬಂದ ಹತ್ತು ಮರಿಗಳಿಂದ ಬೇರೆಬೇರೆ ಹೊತ್ತಿನಲ್ಲಿ ಒಂದೆರಡು ಸಲ ಮಾತ್ರ ತೆಗೆದು, ಎಲ್ಲವನ್ನೂ ಗಣಿತದಿಂದ ಒಂದುಗೂಡಿಸಿ ಮದ್ದಿನ ಹಾದಿಯನ್ನು ಚಿತ್ರಿಸಬಹುದು. ಮನುಷ್ಯರ ನವಜಾತ ಶಿಶುಗಳಿಗೆ ಪ್ರಮಾಣ ಗೊತ್ತುಮಾಡುವುದರಲ್ಲಿ ಈ ಕ್ರಮ ಬಹಳ ನೆರವಾಗಿದೆ. ಇದಕ್ಕೆ ಬೇಕಾದದ್ದು ಹಲವು ಬಿಡಾರಗಳ ಸಹಕಾರ, ಪ್ರತಿ ಸಲವೂ ಕೊಟ್ಟ ಹೊತ್ತು, ಕೊಟ್ಟ ಪ್ರಮಾಣ, ರಕ್ತ ತೆಗೆದ ಹೊತ್ತುಗಳನ್ನು ತಪ್ಪದೆ ಬರೆದಿಡುವ ಶಿಸ್ತು.

ಎಲ್ಲಕ್ಕೂ ಮೊದಲು ತೂಕ ಸರಿಯಾಗಿ ತಿಳಿದಿರಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು 1988ರಲ್ಲಿ ದಕ್ಷಿಣ ಭಾರತದ ಸಾಕಾನೆಗಳನ್ನು ಅಭ್ಯಸಿಸಿ, ವಯಸ್ಸಿಗೆ ತಕ್ಕಂತೆ ಆನೆಯ ಎತ್ತರ ತೂಕಗಳು ಬೆಳೆಯುವ ರೀತಿಯನ್ನು ಪ್ರಕಟಿಸಿದರು. ಮದ್ದಿಗೂ ಅದಕ್ಕೂ ನೇರ ಸಂಬಂಧ ಕಾಣದಿರಬಹುದು. ಆದರೆ ತಕ್ಕಡಿ ಇಲ್ಲದ ಕಾಡಿನಲ್ಲಿ ಇಂಥ ಅಳತೆಗಳೇ ವೈದ್ಯನ ತಕ್ಕಡಿ.

ಮದ್ದು ಸಲ್ಲದ ಹೊತ್ತು

ಪ್ರತಿಜೈವಿಕ ಎಷ್ಟು ಕೊಡಬೇಕೆಂಬುದರಷ್ಟೇ ಮುಖ್ಯವಾದದ್ದು ಅದರಿಂದ ಏನು ಆಗದೆಂಬ ತಿಳಿವಳಿಕೆ. ಏಷ್ಯದ ಮರಿಯಾನೆಗಳನ್ನು ಹಠಾತ್ತಾಗಿ ಕೊಲ್ಲುವ ರೋಗಗಳಲ್ಲಿ ಅತಿ ಭಯಂಕರವಾದದ್ದು ಆನೆಗಳ ಹರ್ಪಿಸ್ ವೈರಸ್ಸಿನದು. ವಾಷಿಂಗ್‌ಟನ್ನಿನ ರಾಷ್ಟ್ರೀಯ ಮೃಗಾಲಯದಲ್ಲಿ ಹುಟ್ಟಿದ ಕುಮಾರಿ ಎಂಬ ಮರಿ 1995ರಲ್ಲಿ, 16 ತಿಂಗಳ ವಯಸ್ಸಿನಲ್ಲಿ, ಇದರಿಂದ ಸತ್ತಿತು. ಆ ಸಾವಿನ ಜಾಡು ಹಿಡಿದ ವಿಜ್ಞಾನಿಗಳು 1999ರಲ್ಲಿ ರೋಗವನ್ನು ಲೋಕಕ್ಕೆ ಪರಿಚಯಿಸಿದರು. ದಕ್ಷಿಣ ಭಾರತದ ಕಾಡಾನೆಗಳ ಮತ್ತು ಅನಾಥ ಮರಿಗಳ ಸಾವಿಗೂ ಇದೇ ವೈರಸ್ ಕಾರಣವಾಗಿದ್ದುದನ್ನು 2013ರಲ್ಲಿ ಪ್ರಕಟವಾದ ಅಧ್ಯಯನ ದೃಢಪಡಿಸಿತು. ಈ ವೈರಸ್ ಅತಿ ಸಣ್ಣ ರಕ್ತನಾಳಗಳ ಒಳಪದರವನ್ನು ಹಾಳುಮಾಡುತ್ತದೆ. ಬೆಳಗ್ಗೆ ಮಂಕಾಗಿದ್ದ ಮರಿ ಮರುದಿನ ಬದುಕಿರದಿರಬಹುದು.

ವೈರಸ್ಸಿನ ಮೇಲೆ ಯಾವ ಪ್ರತಿಜೈವಿಕವೂ ಕೆಲಸ ಮಾಡದು. ಪೆಟ್ಟುತಿಂದ ಕರುಳಿನಿಂದ ಬ್ಯಾಕ್ಟೀರಿಯಗಳು ರಕ್ತಕ್ಕೆ ನುಗ್ಗದಂತೆ ಕಾವಲಿಗಾಗಿ ವೈದ್ಯರು ಅದನ್ನು ಕೊಡುವುದುಂಟು. ಆದರೆ ಚುಚ್ಚುಮದ್ದು ಕೊಟ್ಟಾಯಿತೆಂಬ ಸಮಾಧಾನದಲ್ಲಿ ರಕ್ತಪರೀಕ್ಷೆಯನ್ನು ಮುಂದೂಡಿದರೆ, ಫಾಮ್‌ಸೈಕ್ಲೊವಿರ್‌ನಂಥ ವೈರಸ್‌ವಿರೋಧಿ ಮದ್ದಿಗೆ ಇದ್ದ ಅಲ್ಪ ಅವಕಾಶವೂ ಕೈತಪ್ಪುತ್ತದೆ.

ಅರೆಬರೆ ಪ್ರಮಾಣದ ಇನ್ನೊಂದು ದೋಷ ಆ ಮರಿಯೊಂದಕ್ಕೇ ನಿಲ್ಲುವುದಿಲ್ಲ. ಕೊಲ್ಲುವಷ್ಟಿಲ್ಲದೆ ಕೆಣಕುವಷ್ಟು ಮಾತ್ರ ಮದ್ದು ಇದ್ದಾಗ, ದುರ್ಬಲ ಬ್ಯಾಕ್ಟೀರಿಯಗಳು ಸತ್ತು, ಮದ್ದನ್ನು ತಾಳಿಕೊಳ್ಳಬಲ್ಲವು ಉಳಿದು ವೃದ್ಧಿಯಾಗುತ್ತವೆ. ಅವು ಲದ್ದಿಯೊಡನೆ ನೆಲಕ್ಕೆ, ಮಳೆಯೊಡನೆ ಹೊಳೆಗೆ, ಕೈಯಿಂದ ಕೈಗೆ ಹರಡುತ್ತವೆ. ಮರಿಯನ್ನು ತೊಳೆದು ಹಾಲೂಡಿಸುವ ಕಾವಾಡಿಯ ಮನೆಯಲ್ಲಿಯೂ ಮಕ್ಕಳಿರುತ್ತಾರೆ.

ಉಪಸಂಹಾರ

ಮರಿಯಾನೆ ಬೆಳೆದ ಆನೆಯ ಚಿಕ್ಕ ಪ್ರತಿಯಲ್ಲ. ದೊಡ್ಡ ಕುದುರೆಮರಿಯೂ ಅಲ್ಲ. ಅದರ ದೇಹದ ಒಲೆಯ ವೇಗ, ಅದರ ನೀರಿನ ಪಾಲು, ಅದರ ಮೂತ್ರಪಿಂಡದ ವಯಸ್ಸು, ಅದರ ಕರುಳಿನ ಹೊಸ ನಿವಾಸಿಗಳು, ಇವೆಲ್ಲ ಸೇರಿ ಮದ್ದಿನ ಪಯಣವನ್ನು ನಿರ್ಧರಿಸುತ್ತವೆ. ಬೇರೆ ಪ್ರಾಣಿಗಳಿಂದ ಕಟ್ಟಿದ ಲೆಕ್ಕ ಮೊದಲ ಹೆಜ್ಜೆಗೆ ಊರುಗೋಲಾದೀತು. ಹಾದಿ ಸರಿಯೇ ಎಂಬುದನ್ನು ಮರಿಯ ರಕ್ತವೇ ಹೇಳಬೇಕು.

ಅದನ್ನು ಕೇಳುವ ಅನುಕೂಲ ಕರ್ನಾಟಕದಲ್ಲಿದೆ. ತುಂಗೆಯ ದಡದ ಸಕ್ಕರೆಬೈಲು ಬಿಡಾರಕ್ಕೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ದೂರದ್ದಲ್ಲ. ಪ್ರತಿ ಮರಿಯ ಚಿಕಿತ್ಸೆಯ ವಿವರವೂ ಒಂದು ವಹಿಯಲ್ಲಿ ದಾಖಲಾಗುತ್ತ ಹೋದರೆ, ಇಂದು ಉಳಿಯದೆ ಹೋದ ಮರಿಯೂ ನಾಳೆ ಬರುವ ಮರಿಯನ್ನು ಉಳಿಸುವುದಕ್ಕೆ ನೆರವಾಗುತ್ತದೆ. ಹಿಂದಿನವರು ಆನೆಯ ರೋಗಗಳನ್ನು ಕಂಡಂತೆ ಬರೆದಿಟ್ಟುಹೋದರು. ಇಂದಿನವರ ಪಾಲಿಗೆ ಉಳಿದಿರುವುದು ಅಳೆದು ಬರೆದಿಡುವ ಕೆಲಸ. ಎಳೆಯ ಜೀವದ ಮುಂದೆ ಸೂಜಿ ಹಿಡಿದು ನಿಂತ ವೈದ್ಯನ ಕೈ ಅಳುಕದಂತೆ ಮಾಡಬಲ್ಲದ್ದು ಅಂಥ ಒಂದು ವಹಿಯೇ.